ಕರೆಯದೆ ಬರುವವರಿಗೆ ಬಿಸಿ ಕಾಬ್ಲರ್

ಭಾನುವಾರ ಬೆಳಿಗ್ಗೆ ಪೇಪರು ಹಿಡಿದು ಕೂತಿದ್ದೆ. ಅಡುಗೆಮನೆಯಿಂದ ಅನಾನಸು, ಬೆಣ್ಣೆ, ಚಕ್ಕೆಪುಡಿ ಮೂರೂ ಒಟ್ಟಿಗೆ ಕಾದ ಘಮ ಬಂತು. ಮೂಗಿಗೆ ಗೊತ್ತಾಗುವ ಮೊದಲೇ ನನ್ನ ಬಲಗಾಲಿನ ಗಿಣ್ಣಿಗೆ ಗೊತ್ತಾಯಿತು. ಒಳಗೊಳಗೇ ಚುಳ್ ಎಂದಿತು. ಹಣ್ಣು ಬೇಯುವ ಘಮಕ್ಕೂ ಕಾಲಿನ ಮೂಳೆಗೂ ಏನು ಸಂಬಂಧ ಎಂದು ಕೇಳುತ್ತೀರಿ. ನಮ್ಮ ಮನೆಯಲ್ಲಿ ಸಂಬಂಧವಿದೆ. ನಿಮಗೆ ಬೇರೆ ಕೆಲಸವಿಲ್ಲದಿದ್ದರೆ ಹೇಳುತ್ತೇನೆ.

ಕಾಬ್ಲರ್ ಎಂದರೇನೆಂದು ಗೊತ್ತಿಲ್ಲದವರು ನಾಚಿಕೊಳ್ಳಬೇಕಾಗಿಲ್ಲ. ವಾರವಾರವೂ ಮಾಡುವ ಮನೆಯಲ್ಲಿದ್ದುಕೊಂಡು ನನಗೇ ಅದರ ಹೆಸರು ನಾಲಿಗೆಗೆ ಹತ್ತಲು ಬಹಳ ದಿನ ಹಿಡಿಯಿತು. ಗಾಜಿನ ತಟ್ಟೆಯ ತಳಕ್ಕೆ ಹೆಚ್ಚಿದ ಹಣ್ಣು, ಸಕ್ಕರೆ, ಒಂದಿಷ್ಟು ನಿಂಬೆರಸ. ಅದರ ಮೇಲೆ ಮೈದಾ, ಬೆಣ್ಣೆ, ಹಾಲು, ಬೇಕಿಂಗ್ ಪೌಡರ್ ಕಲಸಿದ ಹಿಟ್ಟನ್ನು ಚಮಚದಲ್ಲಿ ಅಲ್ಲಲ್ಲಿ ಗುಪ್ಪೆ ಹಾಕುವುದು. ಓವನ್ನಿನಲ್ಲಿಟ್ಟರೆ ಮೇಲಿನ ಹಿಟ್ಟು ಕೆಂಪಗೆ ಗರಿಗರಿಯಾಗುತ್ತದೆ, ಕೆಳಗಿನ ಹಣ್ಣು ಕುದಿದು ಅಂಚಿನಿಂದ ಇಣುಕುತ್ತದೆ. ಬಿಸಿಬಿಸಿಯಾಗಿಯೇ ತಿನ್ನಬೇಕು. ಆರಿತೋ, ಅದು ಹಿಟ್ಟಿನ ಮುದ್ದೆ, ಹಣ್ಣಿನ ಗೊಜ್ಜು, ಎರಡೂ ಬೇರೆಬೇರೆ.

ಮಾಡುವವರು ನಮ್ಮ ಯಜಮಾನರು. ಇನ್ನು ಮುಂದೆ 'ಇವರು' ಎನ್ನುತ್ತೇನೆ, ಅಭ್ಯಾಸ. ಇವರು ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿದ್ದು ನಿವೃತ್ತರಾದವರು. ನಿವೃತ್ತಿಯ ಮರುವಾರವೇ ಒಂದು ಓವನ್ ತಂದರು, ಹಿಂದೆಯೇ ಗ್ರಾಮಿನ ಲೆಕ್ಕಕ್ಕೆ ತೂಗುವ ತಕ್ಕಡಿ ಬಂತು. ಮೊದಲು ಕೇಕಿಗೆ ಕೈ ಹಾಕಿದರು. ನಮ್ಮ ಮನೆಯಲ್ಲಿ ಮೊಟ್ಟೆ ಇಲ್ಲ. ಮೊಟ್ಟೆ ಇಲ್ಲದ ಇವರ ಕೇಕು ಓವನ್ನಿಗೆ ಹೇಗೆ ಹೋಗುತ್ತಿತ್ತೋ ಹಾಗೇ ಹೊರಗೆ ಬರುತ್ತಿತ್ತು, ಸ್ವಲ್ಪ ಗಟ್ಟಿಯಾಗಿ. ಆಮೇಲೆ ಫೋನಿನಲ್ಲಿ ಯಾರೋ ಪುಣ್ಯಾತ್ಮರು ಕಾಬ್ಲರ್ ತೋರಿಸಿಕೊಟ್ಟರು. ಇದಕ್ಕೆ ಮೊಟ್ಟೆ ಬೇಡ, ಉಬ್ಬಲೇಬೇಕೆಂಬ ಹಟವಿಲ್ಲ, ಕುಸಿಯುವುದಕ್ಕೆ ಎತ್ತರವೇ ಇಲ್ಲ. ಕೆಟ್ಟರೂ ಕೆಟ್ಟಿದ್ದು ಗೊತ್ತಾಗುವುದಿಲ್ಲ. ಇಡೀ ಸರ್ವೀಸಿನಲ್ಲಿ ಇವರು ಹುಡುಕುತ್ತಿದ್ದ ಕೆಲಸ ಇದೇ ಇರಬೇಕು.

ಇದಾದ ಕೆಲವೇ ದಿನಕ್ಕೆ ನಾನು ಕಾಲು ಮುರಿದುಕೊಂಡೆ. ಮೂರು ವರ್ಷದ ಹಿಂದಿನ ಮಾತು. ನಾನು ಆಗ ಕಳಮಶ್ಶೇರಿಯ ಬ್ಯಾಂಕಿನ ಶಾಖೆಯಲ್ಲಿದ್ದೆ. ಸಂಜೆ ಮೆಟ್ರೋದಲ್ಲಿ ತ್ರಿಪ್ಪುಣಿತ್ತುರಕ್ಕೆ ಬಂದಿಳಿದು, ನಿಲ್ದಾಣದ ಮೆಟ್ಟಿಲೆಲ್ಲ ಮುಗಿಯಿತೆಂದು ಧೈರ್ಯವಾಗಿ ಕಾಲಿಟ್ಟರೆ ಇನ್ನೊಂದು ಮೆಟ್ಟಿಲು ಉಳಿದಿತ್ತು. ಗಿಣ್ಣಿನಲ್ಲಿ ಮೂಳೆ ಬಿರುಕು ಬಿಟ್ಟಿತು. ಒಂದೂವರೆ ತಿಂಗಳು ಪ್ಲಾಸ್ಟರು ಎಂದರು ಡಾಕ್ಟರು. ಎಲ್ಲರೂ ಅಯ್ಯೋ ಎಂದರು. ನನಗೆ ಮಾತ್ರ, ಯಾರಿಗೂ ಹೇಳಬೇಡಿ, ಸಣ್ಣ ಸಮಾಧಾನವಾಯಿತು. ಇನ್ನು ಅಕ್ಕ ಬರಲೇಬೇಕು ಎಂದುಕೊಂಡೆ.

ಅಕ್ಕ ತಿರುವನಂತಪುರದಲ್ಲಿದ್ದಾಳೆ. ನನಗಿಂತ ಆರು ವರ್ಷ ದೊಡ್ಡವಳು, ಮದುವೆಯಾಗಲಿಲ್ಲ, ಲೆಕ್ಕಪತ್ರದ ಕಚೇರಿಯ ಕೆಲಸ. ತುಮಕೂರಿನಿಂದ ನನ್ನನ್ನು ಈ ಸೀಮೆಗೆ ಕರೆತಂದವಳೇ ಅವಳು. ಬ್ಯಾಂಕಿನ ಪರೀಕ್ಷೆಗೆ ಓದುವಾಗ ಅವಳ ಒಂದು ರೂಮಿನ ಮನೆಯಲ್ಲಿದ್ದೆ. ಶನಿವಾರ ಸಂಜೆ ಚಾಲೈ ಪೇಟೆಗೆ ಹೋಗುತ್ತಿದ್ದೆವು. ಅಕ್ಕನಿಗೆ ಮಲಯಾಳ ಬರುತ್ತಿರಲಿಲ್ಲ, ಹಣ್ಣಿನವನಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಇಬ್ಬರೂ ಅರ್ಧ ಗಂಟೆ ಜಗಳವಾಡಿ ಇಬ್ಬರೂ ಗೆದ್ದ ಮುಖದಲ್ಲಿ ಬೇರೆಯಾಗುತ್ತಿದ್ದರು. ಸಪೋಟವನ್ನು ಹಿಂಡದೆ, ಕಿವಿಯ ಹತ್ತಿರ ಹಿಡಿದು ನೋಡುತ್ತಿದ್ದಳು. ಅದೇನು ಕೇಳಿಸುತ್ತಿತ್ತೋ ದೇವರಿಗೇ ಗೊತ್ತು. ಮನೆಗೆ ತಂದ ಹಣ್ಣಲ್ಲಿ ಒಳ್ಳೆಯದು ನನಗೆ, ಕಪ್ಪಾಗಿದ್ದು ತನಗೆ. "ನಂಗೆ ಮೆತ್ತಗಿರೋದೇ ಇಷ್ಟ" ಎನ್ನುತ್ತಿದ್ದಳು. ಅದನ್ನು ನಾನು ಬಹಳ ವರ್ಷ ನಂಬಿದ್ದೆ.

ಇಂಥ ಅಕ್ಕನಿಗೂ ನನಗೂ ಮಾತು ನಿಂತಿತ್ತು. ಕಾರಣ ಹೇಳಿದರೆ ನೀವು ನಗುತ್ತೀರಿ, ಕನ್ನಡದವರಾದರೆ ನಗುವುದಿಲ್ಲ.

ತ್ರಿಪ್ಪುಣಿತ್ತುರದಲ್ಲಿ ಫ್ಲಾಟು ತೆಗೆದುಕೊಂಡಾಗ ಗೃಹಪ್ರವೇಶ ಇಟ್ಟುಕೊಂಡೆವು. ಬ್ಯಾಂಕಿಗೆ ರಜೆ ಇಲ್ಲ, ಪುರೋಹಿತರು ಸಿಗುವುದಿಲ್ಲ, ಲಿಫ್ಟು ಕೆಲಸ ಮಾಡುವುದಿಲ್ಲ. ಹೀಗಾಗಿ ಎಲ್ಲರನ್ನೂ ವಾಟ್ಸಾಪಿನ ಕುಟುಂಬದ ಗ್ರೂಪಿನಲ್ಲಿ ಕರೆದೆ. ದಿನ, ಹೊತ್ತು, ಫ್ಲಾಟಿನ ನಂಬರು, ಕೆಳಗೆ ಕೈಮುಗಿದ ಚಿತ್ರ ಮೂರು. ಅಕ್ಕ ಒಂದು ಹೆಬ್ಬೆರಳು ಕಳಿಸಿದಳು. ನಾನು ಅದನ್ನು ಒಪ್ಪಿಗೆ ಎಂದು ತಿಳಿದೆ. ಗೃಹಪ್ರವೇಶದ ದಿನ ಅವಳು ಬರಲಿಲ್ಲ. ಸಂಜೆ ನೋಡಿದರೆ ಗ್ರೂಪನ್ನೇ ಬಿಟ್ಟು ಹೋಗಿದ್ದಳು.

ನಮ್ಮಲ್ಲಿ ಕರೆಯುವುದೆಂದರೆ ಬಂದು ಕರೆಯುವುದು. ಹಣೆಗೆ ಕುಂಕುಮವಿಟ್ಟು, ಕೈಗೆ ಅಕ್ಷತೆ ಕೊಟ್ಟು, "ಬರಲೇಬೇಕು, ತಪ್ಪಿಸಬೇಡಿ" ಎಂದು ಬಾಯಿ ತುಂಬ ಹೇಳುವುದು. ಒಪ್ಪುತ್ತೇನೆ. ಆದರೆ ಒಡಹುಟ್ಟಿದವಳಿಗೂ ಇದೆಲ್ಲ ಬೇಕೆ? ಬೇಕು ಎನ್ನುವುದು ಅಕ್ಕನ ವಾದ, ಅದೂ ಒಡಹುಟ್ಟಿದವಳಿಗೇ ಮೊದಲು ಬೇಕು. ಬೇರೆಯವರ ಬಾಯಿಂದ ನನಗೆ ತಲುಪಿದ ಅವಳ ಮಾತು ಇದು: "ಹಾಲಿನೋನ್ನ, ಪೇಪರಿನೋನ್ನ ಕರ್ದಂಗೆ ನನ್ನೂ ಕರ್ದಳು." ನನಗೂ ರೋಷ ಬಂತು. ಅವಳಿಗೆಂದು ತೆಗೆದಿಟ್ಟ ಎಲೆ ಹಾಗೇ ಉಳಿಯಿತಲ್ಲ, ಅದಕ್ಕೆ ಯಾರನ್ನು ಕೇಳಲಿ? ತಪ್ಪು ನನ್ನದೆಂದು ನಾನು ಒಪ್ಪಲಿಲ್ಲ, ಇವತ್ತಿಗೂ ಒಪ್ಪಿಲ್ಲ. ಅವಳು ಫೋನ್ ಮಾಡಲಿ ಎಂದು ನಾನು, ನಾನು ಮಾಡಲಿ ಎಂದು ಅವಳು. ಹೀಗೆ ಎರಡು ವರ್ಷ ಕಳೆಯಿತು.

ಈಗ ಕಾಲು ಮುರಿದದ್ದರ ಮಹಿಮೆ ನಿಮಗೆ ಗೊತ್ತಾಗಿರಬೇಕು. ಶುಭಕಾರ್ಯಕ್ಕೆ ಕರೆದರೆ ಮಾತ್ರ ಹೋಗುವ ನಮ್ಮ ಜನ ಕಾಯಿಲೆ ಕಸಾಲೆಗೆ ಕರೆಯದೆಯೇ ಹೋಗಬೇಕು. ಅಲ್ಲಿ ಮಾನ ಅವಮಾನ ನೋಡುವಂತಿಲ್ಲ. ಮುರಿದ ಕಾಲಿನ ತಂಗಿಯನ್ನು ನೋಡಲು ಬಂದರೆ ಅಕ್ಕ ಸೋತ ಹಾಗಾಗುವುದಿಲ್ಲ, ನಾನೂ ಗೆದ್ದ ಹಾಗಾಗುವುದಿಲ್ಲ. ಇಷ್ಟು ಚೆಂದದ ಸಂದರ್ಭವನ್ನು ನಾನು ಬುದ್ಧಿ ಖರ್ಚು ಮಾಡಿದ್ದರೂ ಹೊಂದಿಸುವುದಕ್ಕಾಗುತ್ತಿರಲಿಲ್ಲ.

"ನಿಮ್ಮಕ್ಕಂಗೆ ಒಂದು ಫೋನ್ ಮಾಡ್ಲಾ?" ಎಂದು ಇವರು ಕೇಳಿದರು.

"ಮಾಡಿದ್ರೆ ನೋಡಿ. ಕಾಲು ಮುರ್ಕೊಂಡೋಳು ನಾನು, ಕರಿಯೋಳೂ ನಾನೇನಾ? ಸುದ್ದಿ ತಾನಾಗೇ ಹೋಗತ್ತೆ."

ಸುದ್ದಿ ಹೋಗುವುದರಲ್ಲಿ ನನಗೆ ಸಂಶಯವಿರಲಿಲ್ಲ, ಕನ್ನಡ ಸಂಘದ ಕಾರ್ಯದರ್ಶಿಗಳಿಗೆ ತಿಳಿಸಿದ್ದೆ. ಅವರು ತಿಂಗಳಿಗೆ ಎರಡು ಸಲ ತಿರುವನಂತಪುರಕ್ಕೆ ಹೋಗುವವರು. ಅವರಿಗೆ ಹೇಳಿದ ಮಾತು ಎಲ್ಲಿಯೂ ನಿಂತದ್ದಿಲ್ಲ.

ನೋಡಲು ಜನ ಬರತೊಡಗಿದರು, ಎಲ್ಲರೂ ಹಣ್ಣಿನ ಸಮೇತ. ಈ ಒಂದು ವಿಷಯದಲ್ಲಿ ಕೇರಳವೂ ಕರ್ನಾಟಕವೂ ಒಂದೇ: ಕಾಲು ಮುರಿಯಲಿ, ಕಣ್ಣು ನೋಯಲಿ, ಸೇಬು ತಂದುಕೊಡುತ್ತಾರೆ. ಬ್ಯಾಂಕಿನವರು ಸೇಬು ತಂದರು, ಸಂಘದವರು ಸೇಬು ಮತ್ತು ಕಿತ್ತಳೆ ತಂದರು. ಎದುರು ಮನೆಯ ಲೀಲಾ ಚೇಚಿ, ನಮ್ಮ ಮಾತಿನಲ್ಲಿ ಲೀಲಕ್ಕ, ಎರಡು ಅನಾನಸು ತಂದು, ಪ್ಲಾಸ್ಟರನ್ನು ಬೆರಳಿನಿಂದ ಟಕಟಕ ಬಡಿದು, "ಸಾರಮಿಲ್ಲ" ಎಂದಳು. ಏನೂ ಪರವಾಗಿಲ್ಲ ಎಂದು ಅರ್ಥ. ಪರವಾಗಿಲ್ಲ ಎಂದು ಹೇಳುವುದು ಮುರಿಯದ ಕಾಲಿನವರಿಗೆ ಸುಲಭ. ಫ್ರಿಜ್ಜು ತುಂಬಿತು, ಊಟದ ಮೇಜು ತುಂಬಿತು. ಬಂದ ಹೆಂಗಸರನ್ನು ಬರಿಗೈಯಲ್ಲಿ ಕಳಿಸುವ ಹಾಗಿಲ್ಲವಲ್ಲ, ನಾನು ಮಂಚದ ಮೇಲಿಂದಲೇ ಚಡಪಡಿಸಿದೆ.

ಇವರು ಕಣ್ಣರಳಿಸಿ ತಕ್ಕಡಿ ತೆಗೆದರು. ಸೋಮವಾರ ಬಂದ ಸೇಬು ಬುಧವಾರ ಕಾಬ್ಲರಾಯಿತು. ಬಂದವರಿಗೆಲ್ಲ ಬಿಸಿಬಿಸಿ ಬಟ್ಟಲು, ಹೋಗುವಾಗ ಒಂದು ಡಬ್ಬಿ. ನಮ್ಮ ಮ್ಯಾನೇಜರು ತಾವೇ ತಂದ ಸೇಬನ್ನು ತಾವೇ ತಿಂದು, "ಬಹಳ ಚೆನ್ನಾಗಿದೆ ಸರ್, ಏನು ಹಣ್ಣಿದು?" ಎಂದು ಕೇಳಿದರು. ಕೆಳಗೆ ಗೇಟಿನಲ್ಲಿರುವ ಸೆಕ್ಯೂರಿಟಿ ಚೇಟ್ಟನಿಗೂ, ಎಂದರೆ ಕಾವಲಿನ ಅಣ್ಣನಿಗೂ, ದಿನ ಬಿಟ್ಟು ದಿನ ಹೋಯಿತು. ಎಲ್ಲರೂ ಬಂದರು. ನನ್ನ ಕಾಲಿಗೆ ಸಂಬಂಧವೇ ಇಲ್ಲದವರೆಲ್ಲ ಬಂದರು. ಅಕ್ಕ ಮಾತ್ರ ಬರಲಿಲ್ಲ.

ನಾನು ಅವಳ ಪರವಾಗಿ ವಾದ ಮಾಡಿಕೊಂಡೆ. ಮಂಗಳವಾರ, ಶುಕ್ರವಾರ ಕಾಯಿಲೆಯವರನ್ನು ನೋಡಲು ಹೋಗಬಾರದು. ಉಳಿದ ದಿನ ಆಫೀಸು. ಶನಿವಾರ ಅವಳ ಒಪ್ಪೊತ್ತು. ಇನ್ನುಳಿದದ್ದು ಭಾನುವಾರ. ಹಾಗಾಗಿ ಭಾನುವಾರದ ಕಾಬ್ಲರ್ ಬೆಳಗಿನ ರೈಲು ತ್ರಿಪ್ಪುಣಿತ್ತುರಕ್ಕೆ ಬರುವ ಹೊತ್ತಿಗೆ ಸರಿಯಾಗಿ ಓವನ್ನಿನಿಂದ ಇಳಿಯಬೇಕೆಂದು ಇವರಿಗೆ ತಾಕೀತು ಮಾಡಿದೆ. ಕಾರಣ ಹೇಳಲಿಲ್ಲ. ಇವರು ಕೇಳಲಿಲ್ಲ. ಓವನ್ನಿನ ಪಕ್ಕದಲ್ಲಿ ಮೊಬೈಲಿಟ್ಟು ರೈಲು ಎಲ್ಲಿದೆ ಎಂದು ನೋಡುತ್ತಿದ್ದರು. "ಕೊಲ್ಲಂ ಬಿಡ್ತು, ಹಣ್ಣು ಹೆಚ್ತೀನಿ. ಕೋಟ್ಟಯಂ ಬಿಡ್ತು, ಒಳಗಿಡ್ತೀನಿ." ಅಷ್ಟು ಹೊತ್ತು ನಾನು ಮಂಚದ ಮೇಲೆ ತಲೆ ಬಾಚಿಕೊಂಡು, ಹೂ ಮುಡಿದು, ಆದಷ್ಟು ನರಳುವ ಮುಖ ಮಾಡಿಕೊಂಡು ಕೂತಿರುತ್ತಿದ್ದೆ.

ರೈಲು ಬಂದು ಹೋಗುತ್ತಿತ್ತು. ಕಾಬ್ಲರ್ ಆರುತ್ತಿತ್ತು.

ಒಂದು ದಿನ ಕಾರ್ಯದರ್ಶಿಗಳು ತಿರುವನಂತಪುರದಿಂದ ಬಂದು, ಬಟ್ಟಲು ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಹೇಳಿದರು: "ನಿಮ್ಮಕ್ಕ ಸಿಕ್ಕಿದ್ರಮ್ಮ. ಹಿಂಗಿಂಗೆ ಅಂತ ಹೇಳ್ದೆ. 'ಕಾಲು ತಾನೆ?' ಅಂದ್ರು."

ಕಾಲು ತಾನೆ. ಇನ್ನೇನು ಮುರಿದುಕೊಳ್ಳಬೇಕಿತ್ತು? ಅವರು ಹೋದ ಮೇಲೆ ಗೋಡೆಯ ಕಡೆಗೆ ತಿರುಗಿ ಮಲಗಿ ಅತ್ತೆ. ಐವತ್ತು ದಾಟಿದ ಬ್ಯಾಂಕ್ ಆಫೀಸರು ಅಕ್ಕ ಬರಲಿಲ್ಲವೆಂದು ಅಳುವುದು ನೋಡಲು ಚೆನ್ನಾಗಿರುವುದಿಲ್ಲ, ಅದಕ್ಕೇ ಗೋಡೆ. ಅವಳಿಗೆ ನಾನು ಬೇಡವಾಗಿದ್ದೇನೆ ಎಂದು ಮೊದಲ ಸಲ ನಿಜವಾಗಿ ಅನ್ನಿಸಿತು. ಅಲ್ಲಿಯವರೆಗೆ ಅದು ಜಗಳವಾಗಿತ್ತು. ಜಗಳಕ್ಕಾದರೆ ಇಬ್ಬರು ಬೇಕು ಎಂಬ ಧೈರ್ಯವಿತ್ತು.

ಪ್ಲಾಸ್ಟರು ತೆಗೆಯುವ ದಿನ ಬಂತು. ಆಸ್ಪತ್ರೆಯಲ್ಲಿ ಡಾಕ್ಟರು ಕಾಲು ಒತ್ತಿ ನೋಡಿ ಖುಷಿಯಾದರು. ನಾನು ಮೆಲ್ಲಗೆ ಕೇಳಿದೆ, ಇನ್ನೊಂದು ವಾರ ಇರಲಿ ಎಂದರೆ ಆಗುತ್ತದೆಯೇ, ಬರುವ ಭಾನುವಾರದವರೆಗಾದರೂ. ಅವರ ಇಡೀ ವೃತ್ತಿಯಲ್ಲಿ ಪ್ಲಾಸ್ಟರಿಗೆ ವಾಯಿದೆ ಕೇಳಿದ ಮೊದಲ ರೋಗಿ ನಾನಿರಬೇಕು.

"ಎಂತಿನಾ ಮೇಡಂ?" ಎಂದರು. ಯಾತಕ್ಕೆ ಎಂದರೆ ಏನು ಹೇಳಲಿ? ನಮ್ಮಕ್ಕ ಇನ್ನೂ ನೋಡಿಲ್ಲ ಎಂದು ಹೇಳಲಾಗುತ್ತದೆಯೇ? ಇವರು ನನ್ನ ಮುಖ ನೋಡಿ, ಡಾಕ್ಟರ ಮುಖ ನೋಡಿ, ಚಾವಣಿಯ ಫ್ಯಾನು ನೋಡಿದರು. ಗರಗಸದಂಥದ್ದೊಂದು ಗುರ್ ಎಂದಿತು. ನನ್ನ ನೆಪ ಎರಡು ಹೋಳಾಗಿ ಬಕೆಟ್ಟಿಗೆ ಬಿತ್ತು.

ಆ ಭಾನುವಾರ ನಾನು ಏನನ್ನೂ ಕಾಯಲಿಲ್ಲ. ನೈಟಿಯಲ್ಲೇ ಇದ್ದೆ, ತಲೆ ಬಾಚಿರಲಿಲ್ಲ. ಕೊನೆಯ ಅನಾನಸು ಕೆಡುತ್ತಿದೆ ಎಂದು ಇವರು ತಮ್ಮಷ್ಟಕ್ಕೆ ಕಾಬ್ಲರ್ ಇಟ್ಟಿದ್ದರು. ಬಾಗಿಲ ಗಂಟೆ ಬಾರಿಸಿತು. ಹೊಸ ಕಾಲಿನ ಉತ್ಸಾಹದಲ್ಲಿ ನಾನೇ ಕುಂಟದೆ ಹೋಗಿ ಬಾಗಿಲು ತೆಗೆದೆ.

ಸೆಕ್ಯೂರಿಟಿ ಚೇಟ್ಟನ್ ನಿಂತಿದ್ದ. ಅವನ ಹಿಂದೆ ಅಕ್ಕ. ಕೂದಲು ಬಹಳ ಬೆಳ್ಳಗಾಗಿತ್ತು. ಕೈಯಲ್ಲೊಂದು ಚೀಲ. ಅವಳ ಕಣ್ಣು ನನ್ನ ಮುಖದ ಮೇಲೆ ನಿಲ್ಲದೆ ನೇರ ಕಾಲಿಗೆ ಇಳಿಯಿತು. ಬಲಗಾಲು, ಎಡಗಾಲು, ಮತ್ತೆ ಬಲಗಾಲು.

"ಬಿಚ್ಚಿಬಿಟ್ರಾ?" ಎಂದಳು.

ಅಂಥ ನಿರಾಶೆಯ ದನಿಯನ್ನು ನಾನು ಕೇಳಿಲ್ಲ.

"ಹೂಂ, ಶುಕ್ರವಾರ" ಎಂದೆ, ನಾನೂ ಅಷ್ಟೇ ನಿರಾಶೆಯಿಂದ.

ಇಬ್ಬರೂ ಹೊಸ್ತಿಲಿನ ಎರಡು ಕಡೆ ನಿಂತೆವು. ಅವಳು ಒಳಗೆ ಬರಲಿಲ್ಲ. ಬರುವಂತಿರಲಿಲ್ಲ, ಅದು ನನಗೂ ಅರ್ಥವಾಯಿತು. ಕಾಯಿಲೆ ನೋಡಲು ಬಂದವಳು ಅವಳು, ಇಲ್ಲಿ ಕಾಯಿಲೆಯೇ ಇರಲಿಲ್ಲ. ಕಾಯಿಲೆ ಇಲ್ಲದ ಮೇಲೆ ಇದು ಅವಳನ್ನು ಬಾಯಿ ತುಂಬ ಕರೆಯದ ಮನೆ. ಚೀಲದ ಹಿಡಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. ಇನ್ನೇನು ಹೊರಟುಬಿಡುತ್ತಾಳೆ ಎಂದುಕೊಂಡೆ.

ಆಗ ಚೇಟ್ಟನ್ ತನ್ನ ಮಲಯಾಳದಲ್ಲಿ ಹೇಳಿದ: ಈ ಅಮ್ಮ ಹೋದ ಭಾನುವಾರವೂ ಬಂದಿದ್ದರು. ಯಾವ ಫ್ಲಾಟು ಎಂದರೆ ಹೇಳಲಿಲ್ಲ. ಗೇಟಿನ ಒಳಗಿನ ಬೆಂಚಿನ ಮೇಲೆ ಬಹಳ ಹೊತ್ತು ಕೂತಿದ್ದು ಹೋದರು. ಇವತ್ತೂ ಅಲ್ಲೇ ಕೂತರು. ಏನೋ ತಮ್ಮಷ್ಟಕ್ಕೆ ಗೊಣಗುತ್ತಿದ್ದರು, ಕೇಳಿದರೆ ನಿಮ್ಮ ಮನೆಯ ಮಾತಿನ ಹಾಗಿತ್ತು. ಅದಕ್ಕೆ ನಾನೇ ಕರೆದುಕೊಂಡು ಬಂದೆ.

"ಹೋದ್ವಾರ ಬಂದಿದ್ಯಾ? ಮೇಲೆ ಯಾಕೆ ಬರ್ಲಿಲ್ಲ ಅಕ್ಕ?"

"ಮನೆ ನಂಬರು ಯಾವುದು ಅಂತ ಬರ್ಲಿ?" ಎಂದಳು ಅಕ್ಕ. "ಗ್ರೂಪಲ್ಲಿ ಹಾಕಿದ್ದೆ. ನಾನು ಗ್ರೂಪೂ ಬಿಟ್ಟೆ, ಅದನ್ನೂ ಅಳಿಸಿದೆ. ತಂಗಿ ಮನೆ ಯಾವುದು ಅಂತ ಕಾವಲುಗಾರನ್ನ ಕೇಳ್ಲಾ?"

ಆರನೆಯ ಮಹಡಿಯಲ್ಲಿ ನಾನು ಹೂ ಮುಡಿದು ಕೂತಿದ್ದಾಗ, ಕೆಳಗೆ ಅವಳು ಕಟ್ಟಡದ ಅಷ್ಟೂ ಕಿಟಕಿಗಳನ್ನು ನೋಡುತ್ತ ಕೂತಿದ್ದಳು. ಹೋದ ವಾರ ತಂದ ಹಣ್ಣನ್ನು ವಾಪಸು ಒಯ್ದು ಒಬ್ಬಳೇ ತಿಂದಳಂತೆ, ಇದನ್ನು ಆಮೇಲೆ ಹೇಳಿದಳು.

"ಒಂದು ನಿಮಿಷ ಇರು. ಹೋಗ್ಬೇಡ. ಅಲ್ಲೇ ಇರು" ಎಂದು ದೇವರ ಮುಂದಿನಿಂದ ಕುಂಕುಮದ ಭರಣಿ ತಂದೆ. ಅಕ್ಷತೆ ಇರಲಿಲ್ಲ. ಡಬ್ಬದಿಂದ ಒಂದು ಹಿಡಿ ಅಕ್ಕಿ ತೆಗೆದು ಅದಕ್ಕೇ ಅರಿಶಿನ ಹಚ್ಚಿದೆ, ಕುಚ್ಚಲಕ್ಕಿಯೋ ಸೋನಾ ಮಸೂರಿಯೋ ನೋಡಲಿಲ್ಲ. ಇವರು ಓವನ್ ಆರಿಸಿ, ಕೈಗೆ ದಪ್ಪ ಗವಸು ಹಾಕಿಕೊಂಡೇ ಬಂದು ಪಕ್ಕದಲ್ಲಿ ನಿಂತರು. ಕರೆಯುವುದಾದರೆ ದಂಪತಿಗಳಾಗಿ ಕರೆಯಬೇಕೆಂದು ಅವರಿಗೂ ತಿಳಿದಿತ್ತು. ನೈಟಿ ತೊಟ್ಟ ಹೆಂಡತಿ, ಗವಸು ಹಾಕಿದ ಗಂಡ, ಸಾಕ್ಷಿಗೆ ಸೆಕ್ಯೂರಿಟಿ ಚೇಟ್ಟನ್. ನಾನು ಹೊಸ್ತಿಲು ದಾಟಿ ಹೊರಗೆ ಬಂದು ಅಕ್ಕನ ಹಣೆಗೆ ಕುಂಕುಮವಿಟ್ಟು, ಕೈಗೆ ಅಕ್ಷತೆ ಕೊಟ್ಟೆ.

"ಅಕ್ಕ, ನಮ್ಮ ಮನೆ ಗೃಹಪ್ರವೇಶ. ನೀನು ಬರ್ಲೇಬೇಕು, ತಪ್ಪಿಸ್ಬಾರ್ದು."

"ಯಾವತ್ತು?" ಎಂದಳು ಗಂಭೀರವಾಗಿ.

"ಇವತ್ತೇ. ಈಗ್ಲೇ."

ಅವಳು ಅಕ್ಷತೆಯನ್ನು ನೋಡಿದಳು. ತುಟಿ ಬಿಗಿಹಿಡಿದು, ಇದ್ದಕ್ಕಿದ್ದ ಹಾಗೆ ಕಣ್ಣು ತುಂಬಿಕೊಂಡು, "ಕುಚ್ಚಲಕ್ಕಿ ಅಕ್ಷತೆ ಯಾರಾದ್ರೂ ಕೊಡ್ತಾರೇನೇ ಪುಟ್ಟಿ" ಎಂದಳು. ಬಲಗಾಲು ಒಳಗಿಟ್ಟಳು.

ಮೇಜಿನ ಮುಂದೆ ಕೂರಿಸಿ ಇವರು ಕಾಬ್ಲರ್ ಬಡಿಸಿದರು. ಮೇಲೆ ಐಸ್‌ಕ್ರೀಮ್ ಹಾಕಲು ಹೋದರೆ ಅಕ್ಕ ಕೈ ಅಡ್ಡ ಹಿಡಿದಳು. "ಹಣ್ಣನ್ನ ಬಿಸಿಲು ಒಂದು ಸಲ ಬೇಯಿಸಿರತ್ತೆ, ಮತ್ತೆ ಬೇಯ್ಸೋದ್ಯಾಕೆ?" ಎಂದಳು. ಅನಾನಸಿನ ಗೊಜ್ಜು ಮಾಡುವಾಗ ಬಿಸಿಲಿನ ನೆನಪು ಅವಳಿಗೆ ಬರುವುದಿಲ್ಲ. ಚಮಚದಲ್ಲಿ ಮೇಲಿನ ಗರಿಗರಿ ಪದರ ಒಡೆದು ನೋಡಿದಳು. ಒಳಗಿಂದ ಹಬೆ ಬಂದು ಕನ್ನಡಕ ಮಸುಕಾಯಿತು. ಕನ್ನಡಕ ತೆಗೆದಿಟ್ಟು ತಿಂದಳು. ಎರಡನೆಯ ಸಲ ತಾನೇ ಬಡಿಸಿಕೊಂಡಳು. "ಪರ್ವಾಗಿಲ್ಲ, ಗಂಡಸರು ಮಾಡಿದ್ದಕ್ಕೆ" ಎಂದಳು. ಇವರು ಆ ವಾಕ್ಯದ ಮೊದಲರ್ಧವನ್ನು ಇವತ್ತಿಗೂ ಎಲ್ಲರಿಗೂ ಹೇಳುತ್ತಿರುತ್ತಾರೆ.

ಆಮೇಲೆ ಎಲ್ಲ ಸರಿಹೋಯಿತು ಎಂದು ತಿಳಿಯಬೇಡಿ. ಅಕ್ಕ ಈಗ ಬರುತ್ತಾಳೆ, ಪ್ರತಿ ಸಲವೂ ಕರೆಯಬೇಕು. ಹೋದ ಸಲ ಕರೆದದ್ದು ಈ ಸಲಕ್ಕೆ ನಡೆಯುವುದಿಲ್ಲ. ಗ್ರೂಪಿಗೆ ಮರಳಿ ಸೇರಿಸಿದರೆ ಸಂಜೆಯೊಳಗೆ ಬಿಡುತ್ತಾಳೆ. ನಾನೂ ಹಾಗೆಯೇ, ಅವಳು ಕರೆಯದೆ ತಿರುವನಂತಪುರಕ್ಕೆ ಹೋದವಳಲ್ಲ. ಒಂದೇ ಬಸಿರಿನಲ್ಲಿ ಹುಟ್ಟಿದವರು ನಾವು, ರೋಷವನ್ನೂ ಸಮವಾಗಿ ಹಂಚಿಕೊಂಡಿದ್ದೇವೆ.

ಇಷ್ಟು ಹೇಳುವ ಹೊತ್ತಿಗೆ ಇವರು ತಟ್ಟೆ ತಂದು ಮೇಜಿನ ಮೇಲಿಟ್ಟರು. ಒಂದು ಚಮಚ ಬಾಯಿಗಿಟ್ಟುಕೊಂಡೆ, ನಾಲಿಗೆ ಸುಟ್ಟಿತು. ಮೊನ್ನೆ ಕಾರ್ಯದರ್ಶಿಗಳು ಫೋನಿನಲ್ಲಿ ಹೇಳಿದ್ದರು, ಅಕ್ಕನಿಗೆ ಮಂಡಿ ಹಿಡಿದುಕೊಂಡು ವಾರದಿಂದ ಮನೆಯಿಂದ ಹೊರಗೆ ಬಂದಿಲ್ಲವಂತೆ. ದಿನಾ ರಾತ್ರಿ ಎಂಟಕ್ಕೆ ನನ್ನ ಜೊತೆ ಮಾತಾಡುವ ಅಕ್ಕ ಅದರ ಸುದ್ದಿಯನ್ನೇ ಎತ್ತಿಲ್ಲ. 'ಮಂಡಿ ತಾನೆ?' ಎಂಬ ಮಾತು ನನ್ನ ಬಾಯಿಗೂ ಬಂದಿತ್ತು. ಎರಡು ದಿನದಿಂದ ಅದನ್ನು ನುಂಗಿಕೊಂಡೇ ಓಡಾಡುತ್ತಿದ್ದೇನೆ.

ಚಮಚ ಕೆಳಗಿಟ್ಟೆ. "ಇದನ್ನ ಹಾಟ್‌ಬಾಕ್ಸಿಗೆ ಹಾಕಿಕೊಡಿ. ತಿರುವನಂತಪುರಕ್ಕೆ ಹೋಗಿ ಬರ್ತೀನಿ" ಎಂದೆ.

"ಕೊಲ್ಲಂ ಹೊತ್ತಿಗೇ ಆರಿ ಹೋಗಿರತ್ತೆ" ಎಂದರು ಇವರು, ಮುಖ ಚಿಕ್ಕದು ಮಾಡಿಕೊಂಡು. ಆಮೇಲೆ ನನ್ನನ್ನು ನೋಡಿ, "ಬರ್ತಿದಾಳೆ ಅಂತ ಒಂದು ಫೋನ್ ಮಾಡ್ಲಾ?" ಎಂದರು.

ಬೇಡ ಎಂದೆ. ಸೀರೆ ಬದಲಿಸಿ, ಚಪ್ಪಲಿ ಹಾಕಿಕೊಂಡೆ. ಹೇಳದೆ ಕೇಳದೆ ಹೋಗಿ ಅವಳ ಬಾಗಿಲಲ್ಲಿ ನಿಲ್ಲುತ್ತೇನೆ. ಅಕ್ಕ ನನ್ನನ್ನು ಒಳಗೆ ಕರೆಯುವುದನ್ನು ಒಂದು ಸಲ ಕಿವಿಯಾರೆ ಕೇಳಬೇಕಾಗಿದೆ.